ಮನೆ ತುಂಬಿದ ಸಾಮಾನು ಕಡಿಮೆ ಮಾಡುವುದು: ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಕೊನೆಗೆ ಬಿಡಬೇಕು

ರಜೆಯ ದಿನ ಬೆಳಗ್ಗೆ ಹುರುಪಿನಿಂದ ಬೀರುವಿನಲ್ಲಿದ್ದುದನ್ನೆಲ್ಲ ಮಂಚದ ಮೇಲೆ ಸುರಿಯುವುದು, ಮಧ್ಯಾಹ್ನದ ಹೊತ್ತಿಗೆ ಸುಸ್ತಾಗುವುದು, ರಾತ್ರಿ ಮಲಗಲು ಜಾಗ ಬೇಕಲ್ಲ ಎಂದು ಎಲ್ಲವನ್ನೂ ಮತ್ತೆ ಒಳಗೆ ತುರುಕುವುದು. ಮನೆ ಹಗುರ ಮಾಡಿಕೊಳ್ಳಲು ಹೊರಟ ಬಹಳಷ್ಟು ಜನರ ಮೊದಲ ಪ್ರಯತ್ನ ಹೀಗೇ ಮುಗಿಯುತ್ತದೆ. ತಪ್ಪಿರುವುದು ಕೆಲಸದ ಕ್ರಮದಲ್ಲಿ. ಹೊರತೆಗೆದ ವಸ್ತು ಮುಂದೆ ಎಲ್ಲಿಗೆ ಹೋಗಬೇಕು ಎಂದು ಮೊದಲೇ ತೀರ್ಮಾನವಾಗಿರದಿದ್ದರೆ ಅದು ನೆಲದ ಮೇಲೆ ಗುಡ್ಡೆಯಾಗಿ ಕೂರುತ್ತದೆ. ಎರಡು ದಿನ ಕಾಲಿಗೆ ಅಡ್ಡ ಬಂದ ಮೇಲೆ ಹಳೆಯ ಜಾಗಕ್ಕೇ ಮರಳುತ್ತದೆ. ಆದ್ದರಿಂದ ಸಾಮಾನನ್ನು ಮುಟ್ಟುವ ಮುಂಚೆ ಅದು ಮನೆಯಿಂದ ಹೊರಗೆ ಹೋಗುವ ದಾರಿಗಳನ್ನು ನೋಡಿಟ್ಟುಕೊಳ್ಳಬೇಕು. ಈ ಬರಹದಲ್ಲಿ ಹೇಳುವ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮೊದಲು ಹೊರಹೋಗುವ ದಾರಿ

ಮನೆಯಿಂದ ಹೊರಡುವ ವಸ್ತುಗಳಿಗೆ ಸಾಮಾನ್ಯವಾಗಿ ಐದು ದಾರಿಗಳಿವೆ: ಮಾಮೂಲಿ ಕಸ, ಗುಜರಿ, ದಾನ, ಇ-ತ್ಯಾಜ್ಯ, ಮತ್ತು ಅಪಾಯಕಾರಿ ಕಸ. ಯಾರಿಂದಲೋ ತಂದು ಹಿಂದಿರುಗಿಸದೆ ಉಳಿದ ವಸ್ತುಗಳದು ಆರನೆಯ ದಾರಿ. ಒಂದು ಸಂಜೆ ಕೂತು ಇವುಗಳಲ್ಲಿ ನಿಮ್ಮ ಹತ್ತಿರ ಯಾವುದು ಎಲ್ಲಿದೆ, ಯಾವ ದಿನ, ಎಷ್ಟು ಹೊತ್ತಿಗೆ ತೆಗೆದುಕೊಳ್ಳುತ್ತಾರೆ ಎಂದು ವಿಚಾರಿಸಿ ಬರೆದಿಡಿ. ದಾನ ತೆಗೆದುಕೊಳ್ಳುವವರಲ್ಲಿ ಏನು ಬೇಡ ಎನ್ನುವುದನ್ನೂ ಕೇಳಬೇಕು. ಹಾಸಿಗೆ, ದಿಂಬು, ಒಳಉಡುಪು, ಹಳೆಯ ಪಠ್ಯಪುಸ್ತಕಗಳನ್ನು ಬಹಳ ಕಡೆ ತೆಗೆದುಕೊಳ್ಳುವುದಿಲ್ಲ. ಹರಿದ, ಕಲೆಯಾದ ಬಟ್ಟೆಯನ್ನು ದಾನದ ಚೀಲಕ್ಕೆ ಹಾಕಿದರೆ ಅದನ್ನು ವಿಂಗಡಿಸಿ ಎಸೆಯುವ ಕೆಲಸ ಇನ್ನೊಬ್ಬರ ತಲೆಗೆ ಬೀಳುತ್ತದೆ. ನೀವೇ ನಿಮ್ಮ ಗೆಳೆಯರಿಗೆ ಕೊಡಲು ಹಿಂಜರಿಯುವಂಥದ್ದನ್ನು ದಾನಕ್ಕೂ ಕೊಡಬೇಡಿ.

ಮಾರಿ ಹಣ ಮಾಡಿಕೊಳ್ಳುವ ಆಸೆಯಲ್ಲೇ ಬಹಳಷ್ಟು ಸಾಮಾನು ಮನೆಯಲ್ಲಿ ಉಳಿದುಬಿಡುತ್ತದೆ. ಫೋಟೋ ತೆಗೆಯಬೇಕು, ವಿವರ ಬರೆಯಬೇಕು, ವಿಚಾರಿಸಿದವರಿಗೆಲ್ಲ ಉತ್ತರ ಕೊಡಬೇಕು, ಚೌಕಾಸಿ ಮಾಡಬೇಕು, ಬರುತ್ತೇನೆಂದವರಿಗಾಗಿ ಕಾಯಬೇಕು. ಆ ವಸ್ತುವಿಗೆ ನಿಜವಾಗಿಯೂ ಒಳ್ಳೆಯ ಬೆಲೆ ಇದ್ದರೆ ಮಾತ್ರ ಈ ಕೆಲಸ ಹಿಡಿಯಿರಿ, ಅದಕ್ಕೂ 14 ದಿನಗಳ ಗಡುವು ಇಡಿ. ಗಡುವಿನೊಳಗೆ ಮಾರಾಟವಾಗದಿದ್ದರೆ ಅದು ದಾನಕ್ಕೆ ಹೋಗಲಿ.

ಬೇಕಾಗುವ ಸಲಕರಣೆ

ಸುಮಾರು 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಮೂರು ರಟ್ಟಿನ ಪೆಟ್ಟಿಗೆಗಳು, ಗಟ್ಟಿಯಾದ ಒಂದು ಕಸದ ಚೀಲ, ದಪ್ಪ ಮಾರ್ಕರ್, ಬಿಳಿ ಮಾಸ್ಕಿಂಗ್ ಟೇಪ್, ಎರಡು ಒರೆಸುವ ಬಟ್ಟೆ, ಫೋನಿನ ಟೈಮರ್. ಇಷ್ಟಿದ್ದರೆ ಸಾಕು. ಪೆಟ್ಟಿಗೆ ಇದಕ್ಕಿಂತ ದೊಡ್ಡದಾಗುವುದು ಬೇಡ. ಪುಸ್ತಕ ತುಂಬಿದರೆ ಈ ಅಳತೆಯದೇ 20 ಕಿಲೋ ಆಸುಪಾಸು ತೂಗುತ್ತದೆ, ಅದನ್ನು ಬಗ್ಗಿ ಎತ್ತಿದರೆ ಸೊಂಟ ಹಿಡಿಯುತ್ತದೆ. ಪುಸ್ತಕ, ಪಾತ್ರೆಗಳನ್ನು ಅರ್ಧದಷ್ಟೇ ತುಂಬಿ ಮೇಲೆ ಬಟ್ಟೆಯಿಟ್ಟು ಮುಗಿಸಿ.

ಒಂದು ಪೆಟ್ಟಿಗೆಯ ಮೇಲೆ ‘ಕೊಡಲು’, ಇನ್ನೊಂದರ ಮೇಲೆ ‘ಬೇರೆ ಕೋಣೆಗೆ’, ಮೂರನೆಯದರ ಮೇಲೆ ‘ವಿಶೇಷ ಕಸ’ ಎಂದು ಬರೆಯಿರಿ. ಬ್ಯಾಟರಿ, ಬಲ್ಬು, ಔಷಧಿ, ಹಳೆ ಫೋನು ಮೂರನೆಯದಕ್ಕೆ. ಎರಡನೆಯ ಪೆಟ್ಟಿಗೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಕೆಲಸ ಉಳಿಸುವುದು ಅದೇ. ಮಲಗುವ ಕೋಣೆಯ ಡ್ರಾಯರಿನಲ್ಲಿ ಸ್ಕ್ರೂಡ್ರೈವರ್ ಸಿಕ್ಕಿತೆಂದು ಅದನ್ನಿಡಲು ಅಡುಗೆಮನೆಯ ಕಡೆ ಹೋದವರು ಅಲ್ಲಿ ಕಂಡ ಇನ್ನೊಂದು ಗೊಂದಲಕ್ಕೆ ಕೈಹಾಕುತ್ತಾರೆ, ಮೊದಲಿನ ಡ್ರಾಯರು ತೆರೆದೇ ಉಳಿಯುತ್ತದೆ. ಕೆಲಸ ಮುಗಿಯುವವರೆಗೆ ಕೂತ ಜಾಗ ಬಿಡಬೇಡಿ. ಬೇರೆ ಕಡೆಯದನ್ನೆಲ್ಲ ಆ ಪೆಟ್ಟಿಗೆಗೆ ಹಾಕಿ, ಕೊನೆಯಲ್ಲಿ ಒಂದೇ ಸುತ್ತಿನಲ್ಲಿ ಹಂಚಿ ಬನ್ನಿ.

ಅಂದವಾದ ಬುಟ್ಟಿ, ವಿಭಾಗಗಳಿರುವ ಟ್ರೇ, ಪಾರದರ್ಶಕ ಡಬ್ಬಗಳನ್ನು ಈಗಲೇ ಕೊಳ್ಳಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಎಷ್ಟು ಉಳಿಯುತ್ತದೆ ಎಂದು ಗೊತ್ತಾಗುವ ಮುಂಚೆ ಅಳತೆ ಹೇಗೆ ಗೊತ್ತಾಗಬೇಕು? ಕೊಂಡು ತಂದ ಡಬ್ಬ ತುಂಬಿಸಲೆಂದೇ ಬೇಡದ್ದೂ ಉಳಿದುಕೊಳ್ಳುತ್ತದೆ. ಸಾಮಾನು ಕಡಿಮೆಯಾದ ಮೇಲೆ ಡ್ರಾಯರಿನ ಒಳಗಿನ ಉದ್ದ, ಅಗಲ, ಎತ್ತರ ಮೂರನ್ನೂ ಅಳೆಯಿರಿ. ಎತ್ತರ ಅಳೆಯುವುದನ್ನು ಮರೆತು ತಂದ ಟ್ರೇ ಡ್ರಾಯರು ಮುಚ್ಚಲು ಬಿಡುವುದಿಲ್ಲ.

ಯೋಚನೆ ಬೇಡದ ಕಸ, ಮೊದಲ ಇಪ್ಪತ್ತು ನಿಮಿಷ

ಶುರುವಿಗೆ ಯಾವ ಬೀರುವನ್ನೂ ತೆರೆಯಬೇಡಿ. ಟೈಮರಿಗೆ 20 ನಿಮಿಷ ಕೊಟ್ಟು, ಕಸದ ಚೀಲ ಹಿಡಿದು, ಮುಂಬಾಗಿಲಿನಿಂದ ಎಡಗಡೆಯ ಗೋಡೆಗುಂಟ ಇಡೀ ಮನೆ ಸುತ್ತಿ ಬನ್ನಿ. ಕಣ್ಣಿಗೆ ಕಂಡದ್ದರಲ್ಲಿ ಯಾರೂ ವಾದ ಮಾಡಲಾಗದ ಕಸವನ್ನಷ್ಟೇ ಆರಿಸಿ: ಖಾಲಿ ಪೊಟ್ಟಣ, ಬರೆಯದ ಪೆನ್ನು, ಒಡೆದ ಕ್ಲಿಪ್ಪು, ಒಣಗಿದ ಅಂಟು, ಅವಧಿ ಮುಗಿದ ಕೂಪನ್ನು, ಜಾಹೀರಾತು ಹಾಳೆ, ಈಗ ಮನೆಯಲ್ಲೇ ಇಲ್ಲದ ಯಂತ್ರದ ಕೈಪಿಡಿ, ವಾರಂಟಿ ಮುಗಿದ ವಸ್ತುವಿನ ಖಾಲಿ ಪೆಟ್ಟಿಗೆ. ಕೂರಬೇಡಿ, ಏನನ್ನೂ ಓದಲು ತೆಗೆಯಬೇಡಿ. ಅನುಮಾನ ಬಂದದ್ದನ್ನು ಅಲ್ಲೇ ಬಿಟ್ಟು ಮುಂದೆ ನಡೆಯಿರಿ.

ಟೈಮರ್ ಬಾರಿಸಿದ ಕೂಡಲೇ ಚೀಲದ ಬಾಯಿ ಕಟ್ಟಿ ಹೊರಗೆ ಇಟ್ಟು ಬನ್ನಿ. ಮೂಲೆಯಲ್ಲಿ ಇಟ್ಟ ಚೀಲವನ್ನು ಮನೆಯಲ್ಲಿ ಯಾರಾದರೂ ಬಿಚ್ಚಿ ನೋಡಿಯೇ ನೋಡುತ್ತಾರೆ.

ಒಂದೇ ಡ್ರಾಯರು, ಪೂರ್ತಿಯಾಗಿ

ಮರುದಿನ ಒಂದೇ ಒಂದು ಡ್ರಾಯರು ಹಿಡಿಯಿರಿ. ದಿನಾ ತೆರೆಯುವಂಥದ್ದು, ನೆನಪುಗಳ ಭಾರವಿಲ್ಲದ್ದು ಒಳ್ಳೆಯದು. ಚಮಚಗಳದೋ, ಪೆನ್ನು–ಕತ್ತರಿಗಳದೋ ಆಗಬಹುದು. ದಿನಾ ತೆರೆದಾಗಲೆಲ್ಲ ಆದ ಬದಲಾವಣೆ ಕೈಗೆ ಗೊತ್ತಾಗುತ್ತದೆ, ಮುಂದಿನ ಡ್ರಾಯರಿಗೆ ಮನಸ್ಸು ಬರುತ್ತದೆ.

ನೆಲದ ಮೇಲೆ ಹಳೆಯ ಟವೆಲ್ ಹಾಸಿ ಎಲ್ಲವನ್ನೂ ಅದರ ಮೇಲೆ ಸುರಿಯಿರಿ. ಡ್ರಾಯರಿನಲ್ಲೇ ಇಟ್ಟುಕೊಂಡು ಬೇಡದ್ದನ್ನು ಹೆಕ್ಕುತ್ತ ಹೋದರೆ ‘ಯಾವುದನ್ನು ತೆಗೆಯಲಿ’ ಎನ್ನುವ ಪ್ರಶ್ನೆ ಬರುತ್ತದೆ. ಖಾಲಿ ಡ್ರಾಯರಿನ ಮುಂದೆ ಕೂತರೆ ‘ಯಾವುದನ್ನು ಒಳಗೆ ಇಡಲಿ’ ಎಂದಾಗುತ್ತದೆ. ಎರಡನೆಯ ಪ್ರಶ್ನೆಗೆ ಕಡಿಮೆ ವಸ್ತು ಉಳಿಯುತ್ತವೆ. ಡ್ರಾಯರನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟು, ಅಷ್ಟರಲ್ಲಿ ಒಂದೇ ಬಗೆಯವನ್ನು ಒಂದು ಕಡೆ ಗುಂಪು ಮಾಡಿ. ನಾಲ್ಕು ಕತ್ತರಿ, ಏಳು ಟೇಪು, ಎಲ್ಲೂ ಸಿಗುವುದಿಲ್ಲವೆಂದು ಮತ್ತೆ ಕೊಂಡ ಅಳತೆಪಟ್ಟಿ ಎಲ್ಲ ಒಟ್ಟಿಗೆ ಕಾಣುವುದು ಆಗಲೇ.

ಆಮೇಲೆ ಪರೀಕ್ಷೆ. ಪ್ರತಿ ಪೆನ್ನನ್ನೂ ಹಾಳೆಯ ಮೇಲೆ ಗೀಚಿ ನೋಡಿ. ಕತ್ತರಿಯಿಂದ ತೆಳು ಬಟ್ಟೆ ಕತ್ತರಿಸಿ ನೋಡಿ. ರಬ್ಬರ್ ಬ್ಯಾಂಡನ್ನು ಎಳೆದರೆ ಹಳೆಯದು ತುಂಡಾಗುತ್ತದೆ. ಯಾವ ಬೀಗದ್ದೆಂದು ಗೊತ್ತಿಲ್ಲದ ಕೀಲಿಗಳನ್ನು ಒಂದು ದಾರಕ್ಕೆ ಪೋಣಿಸಿ ಮನೆಯ ಎಲ್ಲ ಬೀಗಕ್ಕೂ ಹಾಕಿ ನೋಡಿ, ಹೊಂದಿದ್ದಕ್ಕೆ ತಕ್ಷಣ ಟೇಪು ಸುತ್ತಿ ಹೆಸರು ಬರೆಯಿರಿ. ಹೊಂದದ ಕೀಲಿಗಳು ಮೂರು ತಿಂಗಳು ಒಂದು ಲಕೋಟೆಯಲ್ಲಿರಲಿ, ಆಮೇಲೆ ಗುಜರಿಗೆ. ಬಿಡಿ ಸ್ಕ್ರೂ, ಬ್ರಾಕೆಟ್ಟುಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ಗೊತ್ತಿರುವುದನ್ನು ಸಣ್ಣ ಜಿಪ್ ಚೀಲಕ್ಕೆ ಹಾಕಿ, ವಸ್ತುವಿನ ಹೆಸರು ಬರೆದು, ಸಾಧ್ಯವಾದರೆ ಆ ಪೀಠೋಪಕರಣದ ಹಿಂಬದಿಗೇ ಅಂಟಿಸಿಬಿಡಿ.

ಒಳಗೆ ಇಡುವಾಗ ಐದರಲ್ಲಿ ನಾಲ್ಕು ಭಾಗ ತುಂಬಿದರೆ ನಿಲ್ಲಿಸಿ. ಪೂರ್ತಿ ತುಂಬಿದ ಡ್ರಾಯರಿನಿಂದ ಒಂದನ್ನು ತೆಗೆಯಲು ಎರಡನ್ನು ಸರಿಸಬೇಕು. ಸರಿಸಿದ್ದನ್ನು ಯಾರೂ ಮತ್ತೆ ಸರಿಯಾಗಿ ಇಡುವುದಿಲ್ಲ. ಅಚ್ಚುಕಟ್ಟು ಕೆಡುವುದು ಆ ಕ್ಷಣದಿಂದ.

ಒಂದು ಸಲಕ್ಕೆ 30 ನಿಮಿಷ ಸಾಕು, ಅದರಲ್ಲಿ ಕೊನೆಯ 8–10 ನಿಮಿಷ ವಾಪಸು ಇಡಲು ಮತ್ತು ಪೆಟ್ಟಿಗೆಗಳನ್ನು ಖಾಲಿ ಮಾಡಲು ಮೀಸಲು. ಈ ಕೊನೆಯ ಭಾಗವನ್ನು ಬಿಟ್ಟವರ ಮನೆಯಲ್ಲಿ ಕೆಲಸ ಮಾಡಿದಷ್ಟೂ ಗೊಂದಲ ಹೆಚ್ಚಾಗುತ್ತದೆ.

ಔಷಧಿ ಮತ್ತು ಸ್ನಾನದ ಮನೆ

ಎರಡನೆಯ ಜಾಗವಾಗಿ ಸ್ನಾನದ ಮನೆಯನ್ನೇ ಹೇಳುತ್ತೇನೆ. ಇಲ್ಲಿ ತೀರ್ಮಾನದ ಬಹುಪಾಲನ್ನು ಮುದ್ರಿತ ದಿನಾಂಕವೇ ಮಾಡಿಕೊಡುತ್ತದೆ. ಕ್ರೀಮು, ಲೋಷನ್‌ಗಳ ಹಿಂಬದಿಯಲ್ಲಿ ಮುಚ್ಚಳ ತೆರೆದ ಡಬ್ಬಿಯ ಸಣ್ಣ ಚಿತ್ರ, ಅದರೊಳಗೆ 6 ಅಥವಾ 12ರಂಥ ಅಂಕಿ ಇರುತ್ತದೆ. ಮುಚ್ಚಳ ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದರ್ಥ. ಇನ್ನು ಮುಂದೆ ಹೊಸದನ್ನು ತೆರೆದ ದಿನವೇ ತಳದಲ್ಲಿ ದಿನಾಂಕ ಬರೆದಿಡಿ. ಕಣ್ಣಿಗೆ ಹಚ್ಚುವ ಸೌಂದರ್ಯವರ್ಧಕಗಳಲ್ಲಿ ಸೋಂಕು ಬೇಗ ಸೇರುತ್ತದೆ, ಅವನ್ನು ಉಳಿಸಿಕೊಳ್ಳಲು ಹೋಗಬೇಡಿ.

ಔಷಧಿಯ ಅವಧಿ ನೋಡುವಾಗ ಕತ್ತರಿಸಿದ ಪಟ್ಟಿಗಳ ಮೇಲೆ ಹೆಸರೋ ದಿನಾಂಕವೋ ಕಾಣದಿದ್ದರೆ ಅದನ್ನು ಇಟ್ಟುಕೊಳ್ಳಲೇಬಾರದು. ಬೇಡದ ಔಷಧಿಗಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಔಷಧಿ ಅಂಗಡಿ ಹತ್ತಿರದಲ್ಲಿದ್ದರೆ ಅಲ್ಲಿಗೆ ಕೊಡಿ. ಇಲ್ಲವಾದರೆ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ, ಮಣ್ಣಿನಂಥ ಯಾರೂ ಬಾಯಿಗಿಡದ ವಸ್ತುವಿನೊಂದಿಗೆ ಬೆರೆಸಿ, ಚೀಲದ ಬಾಯಿ ಬಿಗಿದು ಕಸಕ್ಕೆ ಹಾಕುವುದು ರೂಢಿಯ ಕ್ರಮ. ಜೊತೆಗೆ ಬಂದ ಚೀಟಿಯಲ್ಲಿ ಹಾಗೆಂದು ಹೇಳಿಲ್ಲದಿದ್ದರೆ ಶೌಚಾಲಯಕ್ಕೆ ಸುರಿಯಬೇಡಿ, ನೀರಿಗೆ ಸೇರುತ್ತದೆ. ಉಸಿರಾಟದ ಇನ್‌ಹೇಲರ್‌ನಲ್ಲಿ ಒತ್ತಡವಿರುತ್ತದೆ, ಅದನ್ನು ಚುಚ್ಚಬಾರದು, ಸುಡಬಾರದು. ಪಾದರಸದ ಥರ್ಮಾಮೀಟರ್ ಮತ್ತು ಸಿಎಫ್ಎಲ್ ಬಲ್ಬುಗಳು ‘ವಿಶೇಷ ಕಸ’ದ ಪೆಟ್ಟಿಗೆಗೆ, ಒಡೆಯದಂತೆ ಬಟ್ಟೆ ಸುತ್ತಿ. ಉಳಿದ ಔಷಧಿಗಳನ್ನು ಸ್ನಾನದ ಮನೆಯಿಂದಲೇ ಹೊರಗೆ ತನ್ನಿ. ಬಿಸಿ ಮತ್ತು ತೇವ ಎರಡೂ ಅವುಗಳಿಗೆ ಆಗುವುದಿಲ್ಲ. ಒಣಗಿದ, ತಂಪಾದ, ಮಕ್ಕಳ ಕೈಗೆಟುಕದ ಜಾಗ ಬೇಕು.

ಬಟ್ಟೆ

ಬೀರುವಿನ ಎಲ್ಲ ಬಟ್ಟೆಯನ್ನೂ ಒಮ್ಮೆಗೇ ಸುರಿಯಿರಿ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಪೂರ್ತಿ ದಿನ ಬಿಡುವು ಇರುವವರಿಗೆ ಅದು ಸರಿಹೋಗಬಹುದು. ಉಳಿದವರು ಒಂದು ಬಗೆ ಹಿಡಿಯಲಿ: ಇವತ್ತು ಅಂಗಿಗಳು, ನಾಳೆ ಪ್ಯಾಂಟುಗಳು. ಆದರೆ ಆ ಬಗೆಯದು ಮನೆಯಲ್ಲಿ ಎಲ್ಲೆಲ್ಲಿದೆಯೋ ಅಲ್ಲಿಂದೆಲ್ಲ ಒಂದು ಕಡೆ ಬರಬೇಕು. ತೊಳೆಯಲು ಹಾಕಿದ್ದು, ಸೂಟ್‌ಕೇಸಿನಲ್ಲಿ ಉಳಿದದ್ದು, ಬಾಗಿಲ ಹಿಂದಿನ ಕೊಕ್ಕೆಯಲ್ಲಿ ತೂಗುವುದು ಎಲ್ಲವೂ ಸೇರಿ. ಹದಿನೈದು ಕಪ್ಪು ಅಂಗಿ ಒಟ್ಟಿಗೆ ಕಂಡಾಗ ಅವುಗಳಲ್ಲಿ ನಿಮಗೆ ಇಷ್ಟವಾದ ಐದನ್ನು ಕೈ ತಾನಾಗಿಯೇ ಆರಿಸುತ್ತದೆ.

ಅನುಮಾನವಿದ್ದದ್ದನ್ನು ಕನ್ನಡಿ ಮುಂದೆ ಹಿಡಿದು ನೋಡಿದರೆ ಸಾಲದು, ಹಾಕಿಕೊಳ್ಳಬೇಕು. ಕೈ ಮೇಲೆತ್ತಿ, ಕುರ್ಚಿಯಲ್ಲಿ ಕೂತು ನೋಡಿ. ಕಂಕುಳು, ಕಾಲರು, ತೊಡೆಯ ಒಳಭಾಗವನ್ನು ಬೆಳಕಿಗೆ ಹಿಡಿಯಿರಿ. ಬಟ್ಟೆ ತೆಳುವಾಗುವುದು ಮೊದಲು ಅಲ್ಲಿ. ಎಲಾಸ್ಟಿಕ್ ಎಳೆದು ಬಿಟ್ಟಾಗ ಕರಕರ ಎಂದರೆ ಒಳಗಿನ ರಬ್ಬರು ಸತ್ತಿದೆ ಎಂದು ತಿಳಿಯಿರಿ.

ತೀರ್ಮಾನ ಮಾಡಲಾಗದಿದ್ದರೆ ಹ್ಯಾಂಗರ್ ಉಪಾಯ ಬಳಸಿ. ಎಲ್ಲ ಹ್ಯಾಂಗರುಗಳನ್ನೂ ಕೊಕ್ಕೆಯ ಬಾಯಿ ನಿಮ್ಮ ಕಡೆಗೆ ಬರುವಂತೆ ತಿರುಗಿಸಿ ನೇತುಹಾಕಿ. ಹಾಕಿಕೊಂಡು ತೊಳೆದ ಬಟ್ಟೆಯನ್ನು ಮಾಮೂಲಿ ದಿಕ್ಕಿನಲ್ಲಿ ಮರಳಿಸಿ. ಆರು ತಿಂಗಳ ನಂತರವೂ ತಿರುಗಿದ್ದಂತೇ ಇರುವ ಹ್ಯಾಂಗರುಗಳು ನಿಮಗೆ ಉತ್ತರ ಹೇಳುತ್ತವೆ. ಚಳಿಯ ಬಟ್ಟೆ, ಸಮಾರಂಭದ ಬಟ್ಟೆ, ಕೆಲಸಕ್ಕೆ ಕಡ್ಡಾಯವಾದ ಸಮವಸ್ತ್ರಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅವಕ್ಕೆ ಒಂದು ವರ್ಷದ ಅವಕಾಶ ಕೊಡಬೇಕು.

ಹೊಲಿಗೆ ಬಿಟ್ಟದ್ದು, ಗುಂಡಿ ಹೋದದ್ದು ಎಂಬ ಗುಡ್ಡೆ ಬೆಳೆಯುತ್ತಲೇ ಇರುತ್ತದೆ. ಅದಕ್ಕೆ ಐದರ ಮಿತಿ ಇಡಿ. ಆರನೆಯದು ಬಂದರೆ ಒಂದನ್ನು ಹೊಲಿಯಿರಿ ಅಥವಾ ಒರೆಸುವ ಬಟ್ಟೆ ಮಾಡಿ. ಒರೆಸುವ ಬಟ್ಟೆಗಳಿಗೂ ಮಿತಿ ಬೇಕು, ಹತ್ತು ತುಂಡು ಸಾಕು. ‘ಹಳೆ ಬಟ್ಟೆ’ ಎಂಬ ಚೀಲವೇ ಅಟ್ಟ ತುಂಬಿದ ಮನೆಗಳು ಕಡಿಮೆಯಿಲ್ಲ.

ಎತ್ತಿಟ್ಟರೆ ಹಾಳಾಗುವುದಿಲ್ಲ ಎಂಬ ನಂಬಿಕೆ ಬಟ್ಟೆ–ಚಪ್ಪಲಿಗಳ ವಿಷಯದಲ್ಲಿ ನಿಜವಲ್ಲ. ಬಹಳಷ್ಟು ಶೂಗಳ ಮೆತ್ತನೆಯ ಅಡಿ ಪಾಲಿಯುರೆಥೇನಿನದು. ಗಾಳಿಯ ತೇವದ ಜೊತೆ ನಿಧಾನವಾಗಿ ರಾಸಾಯನಿಕ ಕ್ರಿಯೆ ನಡೆದು ಅದು ಒಡೆಯುತ್ತ ಹೋಗುತ್ತದೆ. ಬಳಸದೆ ವರ್ಷಗಟ್ಟಲೆ ಡಬ್ಬದಲ್ಲಿಟ್ಟ ಹೊಸ ಶೂ ಹಾಕಿ ನಾಲ್ಕು ಹೆಜ್ಜೆ ನಡೆದರೆ ಅಡಿ ಪುಡಿಪುಡಿಯಾಗಿ ಉದುರುವುದು ಇದರಿಂದ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದ ಬಟ್ಟೆಯೊಳಗೆ ತೇವ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ. ಗಾಳಿ ಎಳೆದು ಕುಗ್ಗಿಸುವ ಚೀಲಗಳಲ್ಲಿ ಚರ್ಮ, ಉಣ್ಣೆ, ಪುಕ್ಕ ತುಂಬಿದ ಕೋಟುಗಳನ್ನು ದೀರ್ಘಕಾಲ ಇಡಬಾರದು, ಉಬ್ಬು ಮತ್ತೆ ಬರುವುದಿಲ್ಲ. ಇಂದು ಕೊಟ್ಟರೆ ಒಬ್ಬರು ಹಾಕಿಕೊಳ್ಳುತ್ತಾರೆ, ಹತ್ತು ವರ್ಷ ಕಾದರೆ ಕಸವಾಗುತ್ತದೆ.

ಅಡುಗೆಮನೆ

ಶುರು ಡಬ್ಬ–ಮುಚ್ಚಳದಿಂದ. ಎಲ್ಲ ಡಬ್ಬಗಳಿಗೂ ಅವುಗಳ ಮುಚ್ಚಳ ಹಾಕಿ ಮೇಜಿನ ಮೇಲೆ ಸಾಲಾಗಿ ಇಡಿ. ಜೋಡಿಯಿಲ್ಲದ್ದು, ಸೊಟ್ಟಗಾಗಿ ಮುಚ್ಚಿಕೊಳ್ಳದ್ದು, ಒಳಗೆ ಗೀರು ಬಿದ್ದು ಎಷ್ಟು ತೊಳೆದರೂ ವಾಸನೆ ಬಿಡದ್ದು ಹೊರಗೆ. ಲೇಪ ಎದ್ದು ಬರುತ್ತಿರುವ ನಾನ್‌ಸ್ಟಿಕ್ ಬಾಣಲೆಯೂ ಹೊರಗೆ. ಅದನ್ನು ದಾನಕ್ಕೆ ಹಾಕುವುದು ಬೇಡ.

ವರ್ಷಕ್ಕೊಮ್ಮೆ ತೆಗೆಯುವ ಯಂತ್ರ, ವಿಚಿತ್ರ ಆಕಾರದ ಚಾಕು, ಉಡುಗೊರೆ ಬಂದ ಪಾತ್ರೆಗಳ ಬಗ್ಗೆ ನಿಂತಲ್ಲೇ ತೀರ್ಮಾನ ಕಷ್ಟ. ಅವನ್ನು ಒಂದು ಪೆಟ್ಟಿಗೆಗೆ ತುಂಬಿ, ಟೇಪು ಹಚ್ಚಿ, ಹೊರಗಡೆ ಇಂದಿನ ದಿನಾಂಕ ಮತ್ತು 60 ದಿನಗಳ ನಂತರದ ದಿನಾಂಕ ಎರಡನ್ನೂ ಬರೆದು ಅಡುಗೆಮನೆಯ ಹೊರಗೆ ಇಡಿ. ಬೇಕಾದದ್ದನ್ನು ತೆಗೆದುಕೊಂಡರೆ ಅದು ಅಡುಗೆಮನೆಯಲ್ಲೇ ಉಳಿಯುತ್ತದೆ. ಗಡುವಿನ ದಿನ ಪೆಟ್ಟಿಗೆಯಲ್ಲಿ ಉಳಿದದ್ದನ್ನು ಬಿಚ್ಚಿ ನೋಡದೆ ಕೊಟ್ಟುಬಿಡಿ. ದಿನಾಂಕ ಬರೆಯದ ‘ಆಮೇಲೆ ನೋಡೋಣ’ ಪೆಟ್ಟಿಗೆ ಮಾತ್ರ ಮಾಡಬೇಡಿ. ಅದು ಅಟ್ಟಕ್ಕೆ ಹೋದರೆ ಮನೆ ಬದಲಿಸುವವರೆಗೂ ಅಲ್ಲೇ ಇರುತ್ತದೆ.

ಉಳಿದ ಪಾತ್ರೆಗಳಲ್ಲಿ ದಿನಬಳಕೆಯವು ಸೊಂಟದಿಂದ ಕಣ್ಣಿನ ಮಟ್ಟದವರೆಗಿನ ಅರೆಗಳಲ್ಲಿ ಇರಲಿ. ಭಾರವಾದವು ಸೊಂಟದ ಕೆಳಗೆ. ವರ್ಷಕ್ಕೆ ಒಂದೆರಡು ಸಲ ಬೇಕಾಗುವ, ಹಗುರವಾದವು ಮೇಲೆ.

ಕಾಗದದ ರಾಶಿ

ಮಾಮೂಲಿ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದದ 500 ಹಾಳೆ ಸುಮಾರು 5 ಸೆಂ.ಮೀ. ಎತ್ತರ ಬರುತ್ತದೆ. ಅಂದರೆ 10 ಸೆಂ.ಮೀ. ರಾಶಿಯಲ್ಲಿ ಸಾವಿರ ಹಾಳೆ. ಒಂದೊಂದಕ್ಕೆ 10 ಸೆಕೆಂಡು ಕೊಟ್ಟರೂ ಸುಮಾರು ಎರಡೂ ಮುಕ್ಕಾಲು ಗಂಟೆ ಹಿಡಿಯುತ್ತದೆ. ಇದು ತಿಳಿಯದೆ ಒಂದು ಸಂಜೆಯಲ್ಲಿ ಮುಗಿಸುತ್ತೇನೆಂದು ಕೂತವರು ಅರ್ಧಕ್ಕೇ ಏಳುತ್ತಾರೆ. ಕಾಗದಕ್ಕೆ ಎರಡು ಸುತ್ತು ಬೇಕು.

ಮೊದಲ ಸುತ್ತಿನಲ್ಲಿ ಓದಬೇಡಿ. ಲಕೋಟೆ, ಜಾಹೀರಾತು, ಪತ್ರಿಕೆಯ ಪುರವಣಿ, ಒಂದೇ ಕಾಗದದ ಎರಡನೆಯ ಪ್ರತಿಗಳನ್ನು ಎಳೆದು ತೆಗೆಯಿರಿ. ರಾಶಿ ಕಣ್ಣೆದುರೇ ಇಳಿಯುತ್ತದೆ. ಎರಡನೆಯ ಸುತ್ತಿಗೆ ಮೂರು ಫೈಲು. ಗುರುತಿನ ದಾಖಲೆ, ಆಸ್ತಿ, ವಿದ್ಯಾರ್ಹತೆ, ಜನನ–ಮರಣ–ಮದುವೆಯ ಪತ್ರಗಳು ‘ಶಾಶ್ವತ’ಕ್ಕೆ. ತೆರಿಗೆ, ವಿಮೆ, ಸಾಲ, ವಾರಂಟಿ ‘ಅವಧಿ ಇರುವವು’ಗಳಿಗೆ, ಪ್ರತಿಯೊಂದರ ಮೂಲೆಯಲ್ಲಿ ಎಸೆಯಬಹುದಾದ ವರ್ಷವನ್ನು ಪೆನ್ಸಿಲಿನಲ್ಲಿ ಬರೆದು. ತೆರಿಗೆಯ ಕಾಗದ ಎಷ್ಟು ವರ್ಷ ಇಡಬೇಕು ಎನ್ನುವುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು, ಅದನ್ನು ವಿಚಾರಿಸಿಯೇ ಬರೆಯಿರಿ. ಕಟ್ಟಬೇಕಾದ ಬಿಲ್ಲು, ಉತ್ತರ ಬರೆಯಬೇಕಾದ ಪತ್ರ ‘ಈ ವಾರ’ಕ್ಕೆ. ಈ ಮೂರನೆಯ ಫೈಲು ಕಣ್ಣಿಗೆ ಕಾಣುವಲ್ಲಿ ನಿಂತಿರಲಿ, ಕಾಗದವನ್ನು ಮಲಗಿಸಿದರೆ ಮೇಲೆ ಇನ್ನೊಂದು ಬೀಳುತ್ತದೆ.

ಅಂಗಡಿಯ ರಸೀದಿಗಳು ಬಹುಪಾಲು ಬಿಸಿಯಿಂದ ಅಕ್ಷರ ಮೂಡುವ ಥರ್ಮಲ್ ಕಾಗದದ ಮೇಲೆ ಬರುತ್ತವೆ. ಶಾಖಕ್ಕೆ, ಬೆಳಕಿಗೆ ಅಕ್ಷರ ಮಾಸುತ್ತದೆ, ವಾರಂಟಿ ಬೇಕಾದಾಗ ಕೈಯಲ್ಲಿ ಖಾಲಿ ಚೀಟಿ ಇರುತ್ತದೆ. ಕೊಂಡ ದಿನವೇ ಫೋಟೋ ತೆಗೆದು ಫೈಲಿನ ಹೆಸರಲ್ಲಿ ವರ್ಷ–ತಿಂಗಳು–ದಿನ, ಆಮೇಲೆ ವಸ್ತುವಿನ ಹೆಸರು ಬರೆಯಿರಿ. ಹಾಗೆ ಬರೆದರೆ ಫೋನು ತಾನೇ ದಿನಾಂಕದ ಕ್ರಮದಲ್ಲಿ ಜೋಡಿಸುತ್ತದೆ. ಥರ್ಮಲ್ ರಸೀದಿಯನ್ನು ಲ್ಯಾಮಿನೇಷನ್ ಮಾಡಿಸಲು ಹೋಗಬೇಡಿ, ಯಂತ್ರದ ಬಿಸಿಗೆ ಇಡೀ ಹಾಳೆ ಕಪ್ಪಾಗುತ್ತದೆ. ಖಾತೆ ಸಂಖ್ಯೆ, ಸಹಿ, ಗುರುತಿನ ಸಂಖ್ಯೆ ಇರುವ ಹಾಳೆಗಳನ್ನು ಹಾಗೇ ಕಸಕ್ಕೆ ಹಾಕದೆ, ಆ ಭಾಗವನ್ನು ಚೂರು ಮಾಡಿ ಅಥವಾ ನೀರಿನಲ್ಲಿ ನೆನೆಸಿ ಹಿಸುಕಿ ಎಸೆಯಿರಿ.

ವೈರು, ಚಾರ್ಜರ್, ಹಳೆಯ ಫೋನು

ವೈರುಗಳನ್ನೆಲ್ಲ ಒಂದು ಕಡೆ ಸುರಿದು ತುದಿಯ ಆಕಾರ ನೋಡಿ ವಿಂಗಡಿಸಿ. ಈಗ ಮನೆಯಲ್ಲಿರುವ ಯಾವ ಯಂತ್ರಕ್ಕೂ ಹೊಂದದ ತುದಿ ಇದ್ದರೆ ಇ-ತ್ಯಾಜ್ಯಕ್ಕೆ. ಹೊಂದುವ ಬಗೆಯಲ್ಲಿ ಬಳಕೆಯಲ್ಲಿರುವುದರ ಜೊತೆಗೆ ಒಂದು ಹೆಚ್ಚಿನದು ಸಾಕು. ದುಂಡು ತುದಿಯ ಅಡಾಪ್ಟರ್‌ಗಳಲ್ಲಿ ಎಚ್ಚರ ಬೇಕು. ತುದಿ ಹೊಂದಿತೆಂದು ಯಾವುದಕ್ಕೋ ಚುಚ್ಚಿದರೆ ಯಂತ್ರ ಸುಡಬಹುದು. ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು ಇರಬೇಕು, ಧನ–ಋಣದ ಗುರುತೂ ತಾಳೆಯಾಗಬೇಕು. ಗೊತ್ತಾದದ್ದಕ್ಕೆ ಆಗಲೇ ಟೇಪಿನಲ್ಲಿ ಯಂತ್ರದ ಹೆಸರು ಬರೆಯಿರಿ.

ಎತ್ತಿಡುವ ಟಾರ್ಚು, ರಿಮೋಟು, ಆಟಿಕೆಗಳಿಂದ ಬ್ಯಾಟರಿ ತೆಗೆಯಿರಿ. ಆಲ್ಕಲೈನ್ ಬ್ಯಾಟರಿ ಸೋರಿದರೆ ಬರುವ ಬಿಳಿ ಪುಡಿ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಿಂದ ಆದದ್ದು, ಚರ್ಮ ಸುಡುತ್ತದೆ. ಕೈಗವಸು ಹಾಕಿ, ವಿನೆಗರ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ, ಒಣಗಿಸಿ. ಲಿಥಿಯಂ ಬ್ಯಾಟರಿಗಳ ತುದಿಗೆ ಟೇಪು ಹಚ್ಚಿಯೇ ಪೆಟ್ಟಿಗೆಗೆ ಹಾಕಬೇಕು. ಒಂದರ ತುದಿ ಇನ್ನೊಂದಕ್ಕೆ ತಗುಲಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಉಬ್ಬಿದ ಬ್ಯಾಟರಿ ಇರುವ ಫೋನನ್ನು ಒತ್ತಬೇಡಿ, ಚಾರ್ಜ್ ಮಾಡಬೇಡಿ, ಮನೆಯ ಉಳಿದ ಸಾಮಾನಿನ ಜೊತೆ ದಿನಗಟ್ಟಲೆ ಇಡಬೇಡಿ. ಫೋನು ಕೊಡುವ ಮುಂಚೆ ಫೋಟೋಗಳನ್ನು ಎರಡು ಕಡೆ ಉಳಿಸಿಕೊಂಡು, ಖಾತೆಗಳಿಂದ ಹೊರಬಂದು, ಪೂರ್ತಿ ಅಳಿಸಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿದ್ದೀರಾ ಎಂದು ಕೈಯಿಂದ ಮುಟ್ಟಿ ನೋಡಿ. ಖಾತೆಯಿಂದ ಹೊರಬರದೆ ಅಳಿಸಿದರೆ ಎಷ್ಟೋ ಫೋನುಗಳು ಮುಂದಿನವರ ಕೈಯಲ್ಲಿ ತೆರೆಯುವುದೇ ಇಲ್ಲ.

ಅಟ್ಟ, ಆಮೇಲೆ ನೆನಪಿನ ವಸ್ತುಗಳು

ಅಟ್ಟಕ್ಕೆ ಕೈಹಾಕುವ ದಿನ ಇಬ್ಬರಿರಬೇಕು; ಏಣಿಯ ಮೇಲಿದ್ದವರು ಭಾರ ಎತ್ತಿ ಕೆಳಗೆ ಕೊಡುವಾಗ ತೆಗೆದುಕೊಳ್ಳುವ ಕೈ ಬೇಕು. ಮೂಗು–ಬಾಯಿಗೆ ಮಾಸ್ಕ್ ಇರಲಿ. ಇಲಿಯ ಹಿಕ್ಕೆ ಕಂಡರೆ ಒಣಗಿದ್ದನ್ನು ಗುಡಿಸಬೇಡಿ, ಧೂಳಿನ ಜೊತೆ ರೋಗಾಣು ಗಾಳಿಗೆ ಏಳುತ್ತದೆ. ಕಿಟಕಿ ತೆರೆದು, ಸೋಂಕುನಾಶಕ ಸಿಂಪಡಿಸಿ ನೆನೆಯಲು ಬಿಟ್ಟು, ಕೈಗವಸು ಹಾಕಿ ಒದ್ದೆ ಕಾಗದದಿಂದ ಒರೆಸಿ ತೆಗೆಯಿರಿ. ವಾಪಸು ಇಡುವಾಗ ರಟ್ಟಿನ ಪೆಟ್ಟಿಗೆ ಬಳಸಬೇಡಿ, ರಟ್ಟು ತೇವ ಹೀರುತ್ತದೆ, ಜಿರಳೆ ಮತ್ತು ಕಾಗದ ತಿನ್ನುವ ಹುಳಗಳಿಗೆ ಅಲ್ಲೇ ವಾಸ. ಮುಚ್ಚಳವಿರುವ ಡಬ್ಬ, ಅದರ ಎರಡು ಬದಿಗೂ ಒಳಗೇನಿದೆ ಎಂಬ ಚೀಟಿ. ಮೇಲ್ಭಾಗಕ್ಕೆ ಅಂಟಿಸಿದ ಚೀಟಿ ಕೆಳಗೆ ನಿಂತವರಿಗೆ ಕಾಣುವುದಿಲ್ಲ.

ಪತ್ರ, ಫೋಟೋ, ಮಕ್ಕಳ ಚಿತ್ರ, ತೀರಿಕೊಂಡವರ ವಸ್ತುಗಳು ಎಲ್ಲಕ್ಕಿಂತ ಕೊನೆಗೆ. ಇವುಗಳಿಂದ ಶುರು ಮಾಡಿದವರು ಮೊದಲ ಪೆಟ್ಟಿಗೆಯಲ್ಲೇ ನಿಂತುಬಿಡುತ್ತಾರೆ, ನಿಲ್ಲುವುದು ಸಹಜವೂ ಹೌದು. ಯಾವುದೇ ನೆನಪಿಲ್ಲದ ವಸ್ತುವೂ ನಮ್ಮದಾದ ಮಾತ್ರಕ್ಕೆ ಬೆಲೆ ಹೆಚ್ಚಿಸಿಕೊಳ್ಳುತ್ತದೆ. 1990ರಲ್ಲಿ ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಟ್ಶ್ ಮತ್ತು ರಿಚರ್ಡ್ ಥೇಲರ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವರಿಗೆ ಕಾಫಿ ಮಗ್ ಕೊಟ್ಟು ಎಷ್ಟಕ್ಕೆ ಮಾರುತ್ತೀರಿ ಎಂದೂ, ಉಳಿದವರಿಗೆ ಎಷ್ಟಕ್ಕೆ ಕೊಳ್ಳುತ್ತೀರಿ ಎಂದೂ ಕೇಳಿದರು. ಕೆಲವೇ ನಿಮಿಷ ಕೈಯಲ್ಲಿದ್ದ ಮಗ್ಗಿಗೆ ಮಾರುವವರು ಕೇಳಿದ ಬೆಲೆ ಕೊಳ್ಳುವವರು ಹೇಳಿದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು. ‘ಇದನ್ನು ಕೊಟ್ಟುಬಿಡಲೇ’ ಎಂದು ಕೇಳಿಕೊಂಡರೆ ಮನಸ್ಸು ಬೇಡ ಎನ್ನುವುದು ಇದರಿಂದಲೇ. ‘ಇದು ನನ್ನಲ್ಲಿ ಇಲ್ಲದಿದ್ದರೆ ಇವತ್ತು ಹೋಗಿ ತರುತ್ತಿದ್ದೆನೇ’ ಎಂದು ಕೇಳಿಕೊಂಡು ನೋಡಿ, ಉತ್ತರ ಬೇರೆಯಾಗುತ್ತದೆ.

ನೆನಪಿನ ವಸ್ತುಗಳಿಗೆ ಒಬ್ಬೊಬ್ಬರಿಗೆ ಒಂದು ಡಬ್ಬ ಎಂದು ಜಾಗದ ಮಿತಿ ಇಟ್ಟು, ಅದರೊಳಗೆ ಯಾವುದು ಇರಬೇಕೆಂದು ಅವರವರೇ ಆರಿಸಲಿ. ದೊಡ್ಡ ವಸ್ತುವಿನ ಫೋಟೋ ತೆಗೆದು, ಅದರ ಹಿಂದಿನ ಕಥೆ ನಾಲ್ಕು ಸಾಲು ಬರೆದಿಟ್ಟರೆ ವಸ್ತು ಬಿಟ್ಟುಕೊಡುವುದು ಎಷ್ಟೋ ಜನರಿಗೆ ಹಗುರಾಗುತ್ತದೆ. ಬಿಡಲು ಆಗದ್ದನ್ನು ಬಲವಂತವಾಗಿ ಬಿಡಬೇಡಿ, ಇಟ್ಟುಕೊಳ್ಳಿ.

ಬೇರೆಯವರ ಸಾಮಾನು

ಮನೆಯ ಇನ್ನೊಬ್ಬರ ವಸ್ತುವನ್ನು ಅವರಿಲ್ಲದಾಗ ಎಸೆಯಬೇಡಿ, ಎಷ್ಟೇ ಅನುಪಯುಕ್ತ ಎನಿಸಿದರೂ. ಒಮ್ಮೆ ಹಾಗಾದರೆ ಅವರು ಆಮೇಲೆ ಎಲ್ಲವನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ, ನಿಮ್ಮ ಕೈಯಲ್ಲಿ ಚೀಲ ಕಂಡರೂ ಅನುಮಾನ ಪಡುತ್ತಾರೆ. ನಿಮ್ಮದೇ ಅರೆಯನ್ನು ಮೊದಲು ಮುಗಿಸಿ, ಆಮೇಲೆ ‘ಈ ಎರಡರಲ್ಲಿ ಯಾವುದು ಬೇಕು’ ಎಂಬಂಥ ಸಣ್ಣ ಪ್ರಶ್ನೆ ಕೇಳಿ. ಮಕ್ಕಳ ಆಟಿಕೆಗಳಿಗೂ ಇದೇ ಸರಿ. ಅರ್ಧ ಆಟಿಕೆಗಳನ್ನು ಒಂದು ತಿಂಗಳು ಎತ್ತಿಟ್ಟು ಅದಲುಬದಲು ಮಾಡಿದರೆ, ಯಾವುದನ್ನು ಅವರು ಕೇಳುವುದೇ ಇಲ್ಲ ಎನ್ನುವುದೂ ತಿಳಿಯುತ್ತದೆ.

ಬೆಲೆಯಿಲ್ಲದ ವಸ್ತುವನ್ನು ಬಿಡುವಾಗಲೂ ತಡೆಯಲಾರದ ಸಂಕಟ, ಮಂಚ–ಒಲೆಗಳನ್ನು ಬಳಸಲಾಗದಷ್ಟು ರಾಶಿ ಇದ್ದರೆ ಅದು ಅಚ್ಚುಕಟ್ಟಿನ ಪ್ರಶ್ನೆಯಾಗಿ ಉಳಿದಿರುವುದಿಲ್ಲ. ವಸ್ತುಗಳನ್ನು ಹೀಗೆ ಕೂಡಿಡುವುದನ್ನು ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದೆ. ಅಂಥವರ ಮನೆಯನ್ನು ಒಂದೇ ದಿನ ಬರಿದು ಮಾಡಿದರೆ ಸಂಕಟ ಹೆಚ್ಚುತ್ತದೆ, ರಾಶಿ ಮತ್ತೆ ಬೆಳೆಯುತ್ತದೆ. ವೈದ್ಯರ ನೆರವು ಬೇಕು. ಅದು ಸಿಗುವವರೆಗೆ ಬಾಗಿಲಿಗೆ ಹೋಗುವ ದಾರಿ, ಒಲೆಯ ಸುತ್ತಮುತ್ತ, ವಿದ್ಯುತ್ ಬೋರ್ಡಿನ ಮುಂದೆ ಮಾತ್ರ ಅವರ ಒಪ್ಪಿಗೆಯಿಂದ ತೆರವು ಮಾಡಿ.

ಮತ್ತೆ ತುಂಬದಂತೆ

ಖಾಲಿಯಾದ ಜಾಗದಲ್ಲಿ ಮೊದಲು ತುಂಬುವುದು ಮೇಜು, ಕುರ್ಚಿ, ಟಿವಿ ಕೆಳಗಿನ ಹಲಗೆಯಂಥ ಚಪ್ಪಟೆ ಮೇಲ್ಮೈಗಳು. ದಿನಾ ರಾತ್ರಿ 10 ನಿಮಿಷ ಅವನ್ನಷ್ಟೇ ನೋಡಿದರೆ ಸಾಕು. ಪದೇಪದೇ ಅಲ್ಲೇ ಬಂದು ಬೀಳುವ ವಸ್ತು ಇದ್ದರೆ ಅದಕ್ಕೆ ಕೊಟ್ಟ ಜಾಗ ದೂರದಲ್ಲಿದೆ ಎಂದು ಅರ್ಥ, ಜಾಗವನ್ನೇ ಹತ್ತಿರಕ್ಕೆ ತನ್ನಿ. ಕೀಲಿ, ಚೀಲ, ಟಪಾಲುಗಳಿಗೆ ಮುಂಬಾಗಿಲ ಬಳಿ ಎರಡು ಕೊಕ್ಕೆ, ಒಂದು ತಟ್ಟೆ ಇದ್ದರೆ ಅವು ಊಟದ ಮೇಜಿನವರೆಗೆ ಬರುವುದೇ ಇಲ್ಲ. ಹೊಸ ಅಂಗಿ ಬಂದ ದಿನ ಹಳೆಯದೊಂದು ಹೊರಡಲಿ. ಹ್ಯಾಂಗರುಗಳ ಸಂಖ್ಯೆಯನ್ನು ಹೆಚ್ಚಿಸದೆ ಇಟ್ಟರೆ ಈ ನಿಯಮ ತಾನಾಗಿಯೇ ನಡೆಯುತ್ತದೆ.

‘ಕೊಡಲು’ ಪೆಟ್ಟಿಗೆಗೆ ಬೀರುವಿನ ತಳದಲ್ಲೋ ಬಾಗಿಲ ಬಳಿಯೋ ಖಾಯಂ ಜಾಗ ಕೊಡಿ. ಮುಕ್ಕಾಲು ತುಂಬಿದ ಕೂಡಲೇ ಟೇಪು ಹಾಕಿ, ಏಳು ದಿನಗಳೊಳಗಿನ ಒಂದು ದಿನಾಂಕವನ್ನು ಮೇಲೆ ಬರೆದು, ಫೋನಿನ ಕ್ಯಾಲೆಂಡರಿನಲ್ಲೂ ಹಾಕಿಕೊಳ್ಳಿ. ಹೇಗೂ ಆ ಕಡೆ ಹೋಗುವ ಕೆಲಸವಿರುವ ದಿನವನ್ನೇ ಆರಿಸಿದರೆ ತಪ್ಪುವುದಿಲ್ಲ. ಅದು ಹೊರಟ ದಿನವೇ ಅದೇ ಜಾಗದಲ್ಲಿ ಇನ್ನೊಂದು ಖಾಲಿ ಪೆಟ್ಟಿಗೆ ಇಡಿ.